ತೆಗೆದಿಟ್ಟ ದ್ರಾಕ್ಷಿ ನೀರು

ಲೋಟದ ತಳದಲ್ಲಿ ಬಿದ್ದಿದ್ದ ಒಣದ್ರಾಕ್ಷಿಗಳಲ್ಲಿ ಒಂದು ಮಾತ್ರ ಮೇಲೆದ್ದು ತೇಲುತ್ತಿತ್ತು. ಅದರ ಸುಕ್ಕಿಗೆ ಸಾಸಿವೆಗಿಂತ ಸಣ್ಣದೊಂದು ಗುಳ್ಳೆ ಅಂಟಿಕೊಂಡಿತ್ತು. ನಾನು ನೋಡುತ್ತಿದ್ದಂತೆ ಗುಳ್ಳೆ ಒಡೆಯಿತು, ದ್ರಾಕ್ಷಿ ನಿಧಾನವಾಗಿ ಕೆಳಗಿಳಿಯಿತು.

ಬಾಣಂತಿ ತಂಗಿಗೆಂದು ತಾಯಿ ನೆನೆಹಾಕಿ, ಕೊಡುವುದನ್ನು ಮರೆತಿದ್ದ ಲೋಟ ಅದು. ಧಾರವಾಡದಲ್ಲಿ ಈ ಸಲ ಬೇಸಿಗೆ ಬೇಗ ಬಂದಿದೆ. ಅಡುಗೆಮನೆಯ ತುಂಬ ಸಿಹಿಯೂ ಹುಳಿಯೂ ಕೂಡಿದ ವಾಸನೆ. ಚೆಲ್ಲಿಬಿಡು ಎಂದು ತಾಯಿ ಒಳಗಿನಿಂದ ಕೂಗಿದರು. ಚೆಲ್ಲುವ ಮೊದಲು ನಾನು ಅದನ್ನು ಮೂಗಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ನಿಂತೆ. ಮುದ್ದೇಬಿಹಾಳದ ಆ ವಾಡೆ, ಅಲ್ಲಿಯ ಕಲ್ಲಿನ ಮೆಟ್ಟಿಲು, ಸಲೋಮಿಬಾಯಿಯವರ ಖೋಲಿಯ ಅರ್ಧ ತೆರೆದ ಬಾಗಿಲು ಎಲ್ಲ ಆ ವಾಸನೆಯೊಳಗೆ ಇದ್ದವು.

ಮುದ್ದೇಬಿಹಾಳದಲ್ಲಿ ನಾನಿದ್ದದ್ದು ಒಂದೇ ಶಾಲಾ ವರ್ಷ, ಎಪ್ಪತ್ತೈದರ ಮಳೆಗಾಲದಿಂದ ಎಪ್ಪತ್ತಾರರ ಬೇಸಿಗೆಯವರೆಗೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದವಳಿಗೆ ಅಲ್ಲಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ತಂದೆ ಜೊತೆಗೆ ಬಂದು ಖೋಲಿ ಗೊತ್ತುಮಾಡಿಕೊಟ್ಟರು. ಮಾರುಕಟ್ಟೆ ಯಾರ್ಡಿನಲ್ಲಿ ಧಾನ್ಯದ ದಲ್ಲಾಳಿಯ ಅಡತಿ ಅಂಗಡಿ ಇಟ್ಟಿದ್ದ ಗುರಲಿಂಗಪ್ಪ ಸಾಹುಕಾರರ ಹಳೆಯ ವಾಡೆ ಅದು. ಅಂಗಳದಿಂದ ಮೆಟ್ಟಿಲು ಹತ್ತಿದರೆ ನನ್ನ ಖೋಲಿ. ಅದರ ನೇರ ಕೆಳಗೆ, ದೊಡ್ಡ ಬಾಗಿಲ ಪಕ್ಕದ ಖೋಲಿಯಲ್ಲಿ, ಸಲೋಮಿಬಾಯಿ ಎಂಬ ವಯಸ್ಸಾದ ಕ್ರಿಶ್ಚಿಯನ್ ಹೆಂಗಸು ಬಾಡಿಗೆಗಿದ್ದರು. ಮಿಷನ್ ಆಸ್ಪತ್ರೆಯೊಂದರಲ್ಲಿ ಕಲಿತು, ಈ ಊರಿಗೆ ಬಂದು, ಹೆರಿಗೆ ಮಾಡಿಸುತ್ತ ಮಾಡಿಸುತ್ತ ತಲೆ ನರೆತವರು. ಮದುವೆಯಾಗಿರಲಿಲ್ಲ. ತಂದೆಗೆ ಇದೆಲ್ಲ ತಿಳಿದದ್ದು ಮುಂಗಡ ಕೊಟ್ಟಾದ ಮೇಲೆ. ಬಸ್ಸು ಹೊರಡುವ ಮುಂಚೆ ಅವರು ನನ್ನನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ, ಯಾರಿಗೂ ತಿಳಿಯದಿರಲೆಂದು ಮರಾಠಿಯಲ್ಲಿ ಹೇಳಿದರು: ಅವರ ಮಂದಿ ಸುಮ್ಮಸುಮ್ಮನೆ ಯಾರಿಗೂ ಒಳ್ಳೆಯವರಾಗುವುದಿಲ್ಲ, ಜೋಪಾನ.

ಆ ವರ್ಷ ಎಲ್ಲರೂ ತಗ್ಗಿದ ದನಿಯಲ್ಲೇ ಮಾತಾಡುತ್ತಿದ್ದರು. ತುರ್ತು ಪರಿಸ್ಥಿತಿ ಬಂದಿತ್ತು. ಶಾಲೆಯಲ್ಲಿ ರೇಡಿಯೋ ವಾರ್ತೆ ಮುಗಿದರೆ ಯಾರೂ ಏನೂ ಅನ್ನದೆ ಚಹದ ಕಪ್ಪು ಎತ್ತಿಕೊಳ್ಳುತ್ತಿದ್ದರು. ಯಾರು ಯಾರ ಮಾತನ್ನು ಎಲ್ಲಿಗೆ ಮುಟ್ಟಿಸುತ್ತಾರೋ ಗೊತ್ತಿರಲಿಲ್ಲ. ಸಲೋಮಿಬಾಯಿಯವರ ಬಗ್ಗೆಯೂ ಓಣಿಯಲ್ಲಿ ಗುಸುಗುಸು ಇತ್ತು. ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಯಾವ ಮನೆಯ ಹೆಂಗಸನ್ನು ಕರೆದೊಯ್ಯಬೇಕೆಂದು ದವಾಖಾನೆಗೆ ಆಕೆಯೇ ಹೇಳುತ್ತಾಳಂತೆ. ಆಕೆಗೆ ಪರದೇಶದಿಂದ ಡಬ್ಬಿಗಳು ಬರುತ್ತವಂತೆ. ಡಬ್ಬಿಯನ್ನು ನಾನೇ ನೋಡಿದ್ದೆ. ಹಾಲಿನ ಪುಡಿಯದು, ಮೇಲೆ ಇಂಗ್ಲಿಷ್ ಅಕ್ಷರ, ಕಿಟಕಿಯ ಕಟ್ಟೆಯ ಮೇಲೆ ಯಾವಾಗಲೂ ಬಿಗಿಯಾಗಿ ಮುಚ್ಚಿರುತ್ತಿತ್ತು. ಒಳಗೆ ಏನಿದೆಯೆಂದು ನಾನು ಕೇಳಲಿಲ್ಲ. ಕೇಳುವಷ್ಟು ಹತ್ತಿರ ಹೋಗುವುದು ನನಗೆ ಬೇಕಿರಲಿಲ್ಲ.

ನಾನು ನನ್ನ ಸ್ಟೋವಿನ ಮೇಲೆ ನನ್ನ ಅಡುಗೆ ಮಾಡಿಕೊಳ್ಳುತ್ತಿದ್ದೆ. ಹೊರಗಿನ ಚಹ, ನೀರು ಮುಟ್ಟುತ್ತಿರಲಿಲ್ಲ. ನಾನು ಹೇಳದಿದ್ದರೂ ಸಲೋಮಿಬಾಯಿಗೆ ಅದು ಮೊದಲ ವಾರವೇ ತಿಳಿದುಬಿಟ್ಟಿತ್ತು. ಅವರು ಬೇಯಿಸಿದ್ದನ್ನು ಒಮ್ಮೆಯೂ ನನ್ನ ಮುಂದೆ ಹಿಡಿಯಲಿಲ್ಲ. ನುಗ್ಗೆಕಾಯಿ, ನಿಂಬೆಹಣ್ಣು, ಹಸಿಮೆಣಸಿನಕಾಯಿ, ಹೀಗೆ ಹಸಿಯದನ್ನೇ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದರು. ಒಮ್ಮೆ ಚಳಿಗಾಲದಲ್ಲಿ ನನಗೆ ಜ್ವರ ಬಂದು ಮೇಲೇಳಲಾಗದೆ ಮಲಗಿದ್ದೆ. ಅವರು ಬಾಗಿಲ ಹೊರಗೇ ನಿಂತು ಸಾಹುಕಾರರ ಹೆಂಡತಿ ನೀಲವ್ವನನ್ನು ಕೂಗಿದ್ದು ಕೇಳಿಸಿತು.

"ನೀಲಾ, ಮ್ಯಾಲೆ ಬಾರವ್ವಾ. ಅಕ್ಕೋರಿಗೆ ನೀರು ಕುಡಸು. ನನ್ನ ಕೈಯಾಗಿಂದು ಅವ್ರು ಕುಡಿಯಂಗಿಲ್ಲ."

ಅದರಲ್ಲಿ ಕುಹಕವಿರಲಿಲ್ಲ. ಬಾಣಂತಿಗೆ ಯಾವುದು ಪಥ್ಯ ಎಂದು ಹೇಳುವ ದನಿಯಲ್ಲೇ ಹೇಳಿದರು. ನನಗೆ ಸಮಾಧಾನವಾಗುವ ಬದಲು ಅನುಮಾನ ಹೆಚ್ಚಾಯಿತು. ಇಷ್ಟು ತಾಳ್ಮೆಯಿಂದ ಕಾಯುವವರು ಏನೋ ದೊಡ್ಡದಕ್ಕೇ ಕಾಯುತ್ತಿರಬೇಕು. ಯಾವತ್ತೋ ಒಂದು ದಿನ ಬೈಬಲ್ ಹಿಡಿದು ಮೇಲೆ ಬರುತ್ತಾರೆ, ಅವತ್ತು ಏನು ಹೇಳಬೇಕು ಎಂದು ನಾನು ಮಾತು ಜೋಡಿಸಿಟ್ಟುಕೊಂಡಿದ್ದೆ.

ಅವರ ಖೋಲಿಯೇ ಆ ಊರಿನ ಪ್ರಾರ್ಥನೆಯ ಜಾಗ. ಗುಡಿ ಎನ್ನುವಂಥದ್ದು ಅವರಿಗೆ ಅಲ್ಲಿ ಬೇರೆ ಇರಲಿಲ್ಲ. ಭಾನುವಾರ ಬೆಳಿಗ್ಗೆ ದವಾಖಾನೆಯ ಕಂಪೌಂಡರ್, ಅವನ ಹೆಂಡತಿ, ಬಸ್ ಕಂಡಕ್ಟರನೊಬ್ಬನ ಮನೆಯವರು, ಬಸವನ ಬಾಗೇವಾಡಿ ಕಡೆಯಿಂದ ಒಬ್ಬಿಬ್ಬರು ಬರುತ್ತಿದ್ದರು. ಜಂತಿಯ ಸಂದಿಯಿಂದ ಅವರ ಹಾಡು ನನ್ನ ಖೋಲಿಗೆ ಏರಿ ಬರುತ್ತಿತ್ತು. ಶ್ರಾವಣದ ಒಂದು ಭಾನುವಾರ ಬಿಡದೆ ಮಳೆ. ಯಾರೂ ಬಂದಿರಲಿಲ್ಲ, ಬಾಗಿಲ ಹೊರಗೆ ಸಲೋಮಿಬಾಯಿಯ ಚಪ್ಪಲಿ ಮಾತ್ರ ಇದ್ದವು. ಆದರೂ ಕೆಳಗೆ ಎರಡು ದನಿ. ಒಂದು ಓದುವುದು, ಇನ್ನೊಂದು ಉತ್ತರ ಕೊಡುವುದು. ಯಾರನ್ನು ಒಳಗೆ ಬಚ್ಚಿಟ್ಟಿದ್ದಾರೆ? ಕೊಡ ಹಿಡಿದುಕೊಂಡು ನೀರಿನ ನೆಪದಲ್ಲಿ ಕೆಳಗಿಳಿದೆ. ಸಲೋಮಿಬಾಯಿ ಗೋಡೆಗೆ ಬೆನ್ನು ಮಾಡಿ ನಿಂತು ಪುಸ್ತಕದಿಂದ ಓದಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು ನಾಲ್ಕು ಹೆಜ್ಜೆ ಈಚೆ ಬಂದು, ಚಾಪೆಯ ಮೇಲೆ ಕೂತು, ತಾವು ಈಗಷ್ಟೇ ನಿಂತಿದ್ದ ಜಾಗದ ಕಡೆ ಮುಖ ಮಾಡಿ ಉತ್ತರ ಹೇಳಿದರು. ಮತ್ತೆ ಎದ್ದು ಅಲ್ಲಿಗೆ ಹೋದರು. ನನ್ನನ್ನು ಕಂಡು ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ಹೊರಗೆ ಬಂದು ಅಂದರು:

"ಮಂದಿ ಬಂದಿಲ್ಲಂತ ಮಂದಿ ಹೇಳೂ ಮಾತು ಬಿಟ್ಟರ, ಆತಗ, ನಮ್ಮ ದೇವ್ರಿಗೆ, ಅರ್ಧಾನ ಮುಟ್ಟತೈತಲ್ರಿ."

ಇದು ಭಕ್ತಿಯೋ ಒಂಟಿತನವೋ ನನಗೆ ತಿಳಿಯಲಿಲ್ಲ. ತೋರಿಕೆಯಂತೂ ಆಗಿರಲಿಕ್ಕಿಲ್ಲ, ನೋಡುವವರೇ ಇರಲಿಲ್ಲ. ಆದರೆ ನಾನು ಮೇಲಿದ್ದೆ, ಕೇಳಿಸಿಕೊಳ್ಳುತ್ತೇನೆಂದು ಅವರಿಗೆ ಗೊತ್ತಿತ್ತಲ್ಲ ಎಂದು ಮರುಕ್ಷಣವೇ ಅನ್ನಿಸಿತು.

ಅವರು ಸಂತರಂತೆ ಇದ್ದರು ಎಂದು ಯಾರೂ ತಿಳಿಯಬಾರದು. ಬಾಯಿ ಜೋರು. ಸೊಂಟದಲ್ಲಿ ನಶ್ಯದ ಡಬ್ಬಿ. ಅಂಗಳದಲ್ಲಿ ಹಪ್ಪಳ ಹಚ್ಚುತ್ತ ನೀಲವ್ವ ಅವರನ್ನು ಕೆಣಕುವುದಿತ್ತು.

"ನಶ್ಯಾ ಏರಸ್ತೀರಲ್ಲ ಸಲೋಮವ್ವಾ, ನಿಮ್ಮ ದೇವ್ರು ಏನೂ ಅನ್ನೂದಿಲ್ಲೇನ?"

"ಅಂದಿರಬೇಕವ್ವಾ. ಸೀನೂ ಸಪ್ಪಳದಾಗ ನನಗ ಕೇಳಿಸಿಲ್ಲ."

ಈ ನೀಲವ್ವನ ಮೂರು ಮಕ್ಕಳೂ ಸಲೋಮಿಬಾಯಿಯ ಕೈಯಲ್ಲೇ ಹುಟ್ಟಿದ್ದವು. ಆದರೂ ನನ್ನ ಹತ್ತಿರ ಒಬ್ಬಳೇ ಸಿಕ್ಕಾಗ ಆಕೆ, "ಕೈ ಚಲೋ ಐತ್ರಿ ಆಕಿದು. ಮನಸಿನ್ಯಾಗ ಏನೈತಿ ಅಂತ ಯಾರು ಹೊಕ್ಕು ನೋಡ್ಯಾರ?" ಅನ್ನುತ್ತಿದ್ದಳು. ನಾನು ಹೌದೆಂದೂ ಅನ್ನುತ್ತಿರಲಿಲ್ಲ, ಅಲ್ಲವೆಂದೂ ಅನ್ನುತ್ತಿರಲಿಲ್ಲ.

ಏಪ್ರಿಲ್ ಬಂತು. ಕಲ್ಲಿನ ಗೋಡೆಗಳು ಸಂಜೆಯಾದರೂ ಕಾವು ಬಿಡುತ್ತಿರಲಿಲ್ಲ. ಶಾಲೆಯಲ್ಲಿ ಪರೀಕ್ಷೆ ಮುಗಿದು ಉತ್ತರಪತ್ರಿಕೆಗಳ ಕಟ್ಟು ನನ್ನ ಖೋಲಿಗೆ ಬಂದಿತ್ತು. ಕೆಳಗೆ ಅವರ ಉಪವಾಸದ ದಿನಗಳು ಮುಗಿಯುತ್ತ ಬಂದು, ಏಸು ಸತ್ತ ಶುಕ್ರವಾರವೂ ಎದ್ದ ಭಾನುವಾರವೂ ಹತ್ತಿರವಾಗಿದ್ದವು. ಬುಧವಾರ ನಾನು ಶಾಲೆಯಿಂದ ಬಂದಾಗ ಆ ಹಾಲಿನ ಪುಡಿಯ ಡಬ್ಬಿ ತೆರೆದಿತ್ತು. ಒಳಗಿದ್ದದ್ದು ಕರಿ ಒಣದ್ರಾಕ್ಷಿ. ಸಲೋಮಿಬಾಯಿ ಅದನ್ನು ತೊಳೆದು ನೀರಲ್ಲಿ ಹಾಕುತ್ತಿದ್ದರು.

ಇದೇನು ಎಂದು ಆ ವರ್ಷ ಮೊದಲ ಸಲ ಬಾಯಿಬಿಟ್ಟು ಕೇಳಿದೆ.

"ಕರ್ತನ ಭೋಜನಕ್ರಿ," ಎಂದರು. ಎರಡು ಮೂರು ತಿಂಗಳಿಗೊಮ್ಮೆ ವಿಜಾಪುರದಿಂದ ಪಾದ್ರಿ ಬರುತ್ತಾರೆ. ಅವತ್ತು ಎಲ್ಲರಿಗೂ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. "ಪ್ಯಾಟಿಯಾಗಿಂದು ಸೆರಿ-ದಾರು ನಮ್ಮ ಮಂದಿ ಮುಟ್ಟೂದಿಲ್ಲ. ಅದಕ್ಕ ಮನೂಕ ನೆನೆ ಹಾಕಿ, ಹಿಂಡಿ, ಸೋಸಿ, ಒಂದು ಕುದಿ ಕುದಿಸಿ ಇಡ್ತೇವಿ. ನಾ ಬಂದಾಗಿಂದ ಇದು ನನ್ನ ಕೆಲಸ."

ಗುರುವಾರ ಅವರು ಅದನ್ನು ಹಿಂಡಿ ಕುದಿಸಿದರು. ಹೊಸ ಮಣ್ಣಿನ ಗಡಿಗೆಗೆ ಸುರಿದು, ಬಿಳಿ ಅರಿವೆ ಕಟ್ಟಿ, ಮೂಲೆಯ ಮಣೆಯ ಮೇಲಿಟ್ಟು ಅದರ ಮುಂದೆ ನಿಂತು ಪ್ರಾರ್ಥನೆ ಮಾಡಿದರು. ಆ ಪ್ರಾರ್ಥನೆಯಾದ ಮೇಲೆ ಅದು ಅವರದಲ್ಲ. ಪಾದ್ರಿ ಬಂದು ಹಂಚುವ ತನಕ ಯಾರೂ ಅದರ ಬಾಯಿ ತೆರೆಯುವಂತಿಲ್ಲ. ಆದರೆ ಅವತ್ತು ಸಂಜೆಯ ಭೋಜನಕ್ಕೆ ಬರಬೇಕಿದ್ದ ಪಾದ್ರಿ ಬರಲಿಲ್ಲ. ಅವರಿಗೆ ಜ್ವರ, ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತಾರೆ ಎಂದು ಕಂಡಕ್ಟರ್ ಸುದ್ದಿ ತಂದ. ಗಡಿಗೆ ಇದ್ದಲ್ಲೇ ಉಳಿಯಿತು. ಶುಕ್ರವಾರ ದಿನವಿಡೀ ಸಲೋಮಿಬಾಯಿ ಉಪವಾಸವಿದ್ದರು. ಹೊರಗೆ ಬಿಸಿಲು ಉರಿಯುತ್ತಿತ್ತು.

ಶನಿವಾರ ಮಧ್ಯಾಹ್ನ ನಾನು ಮೇಲೆ ಪತ್ರಿಕೆ ತಿದ್ದುತ್ತಿದ್ದೆ. ಅಂಗಳದಿಂದ ನೀಲವ್ವನ ದನಿ.

"ಅಯ್ಯ, ಇದೇನ ವಾಸನಿ ನಮ್ಮ ಮನ್ಯಾಗ!"

ನಾನು ಇಳಿದು ಬರುವಷ್ಟರಲ್ಲಿ ಸಾಹುಕಾರರು ಊಟದ ಪಂಕ್ತಿಯಿಂದ ಎದ್ದು ಬಂದಿದ್ದರು. ಸಲೋಮಿಬಾಯಿಯ ಖೋಲಿಯ ಮೂಲೆಯಲ್ಲಿ ಗಡಿಗೆಯ ಬಾಯಿಗೆ ಕಟ್ಟಿದ ಅರಿವೆ ಉಬ್ಬಿಕೊಂಡು, ಅದರ ನೇಯ್ಗೆಯ ಸಂದಿಯಿಂದ ನೊರೆ ಬಂದಿತ್ತು. ವಾಸನೆ ನನಗೆ ಮೆಟ್ಟಿಲ ಮೇಲೆಯೇ ತಿಳಿದಿತ್ತು. ಈ ಕಾವಿನಲ್ಲಿ ಮೂರು ದಿನವಾಗುತ್ತ ಬಂದ ದ್ರಾಕ್ಷಿ ನೀರು ಇನ್ನೇನಾಗಬೇಕು?

"ಬಾಯಾರ, ಇದು ಸೆರಿ ವಾಸನಿ," ಎಂದರು ಸಾಹುಕಾರರು. ಅವರು ಕೂಗಾಡುವವರಲ್ಲ. ಅವತ್ತೂ ಕೂಗಲಿಲ್ಲ, ಹೆದರಿದ್ದರು. "ಕಾಲ ಎಂಥಾದು ಐತಿ ನಿಮಗ ಗೊತ್ತಿಲ್ಲೇನ್ರಿ? ಯಾವನರೇ ಹೋಗಿ ಪೊಲೀಸರ ಕಿವ್ಯಾಗ ಊದಿದಂದ್ರ ನನ್ನ ಅಡತಿ ಲೈಸೆನ್ಸ ಹೋಕ್ಕೈತಿ. ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಇದನ್ನ ಯಾರೂ ಕಣ್ಣಿಲೆ ಕಂಡಿಲ್ಲ."

"ಸೆರಿ ಅಲ್ಲ ಗುರಲಿಂಗಪ್ಪಾ. ಮನೂಕದ ನೀರು. ಪಾದ್ರಿ ಬರೂದು ತಡಾ ಆತು, ಹುಳಿ ಎದ್ದೈತಿ."

"ಹುಳಿ ಎದ್ದದ್ದಕ್ಕ ಸೆರಿ ಅಂತಾರ." ಅವರು ನನ್ನ ಕಡೆ ತಿರುಗಿದರು. "ಅಕ್ಕೋರ, ನೀವು ಕಲತವ್ರು. ಇದನ್ನ ಸಾಲ್ಯಾಗ ಕಲಸ್ತೀರಿ. ನೀವು ಹೇಳ್ರಿ. ನೀವು ಹೇಳಿದಂಗ ಕೇಳ್ತೇನಿ."

ನಾನು ಬಗ್ಗಿ ನೊರೆಯನ್ನು ನೋಡಿದೆ. ಸಲೋಮಿಬಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಬೇಡಿಕೊಳ್ಳುವ ನೋಟವಾಗಿರಲಿಲ್ಲ ಅದು.

"ಹುದುಗಿದ್ದು ಖರೆ ಅದ ಸಾಹುಕಾರ್ರ," ಎಂದೆ. "ದ್ವಾಸಿ ಹಿಟ್ಟು ಉಬ್ಬತದಲ್ಲ, ಹಂಗ. ನಶಾ ಏರೂವಷ್ಟು ಇದರಾಗ ಏನೂ ಇರ್ಲಿಕ್ಕಿಲ್ಲ."

"ದ್ವಾಸಿ ಹಿಟ್ಟು ತಿಂದು ಯಾರೂ ಜೋಲಿ ಹೊಡಿಯಂಗಿಲ್ರಿ ಅಕ್ಕೋರ," ಎಂದಳು ನೀಲವ್ವ.

ಸಾಹುಕಾರರು ಗಡಿಗೆಯ ಕಡೆ ಕೈ ತೋರಿಸಿದರು. "ಆತು. ನೀವು ಒಂದು ಗುಟುಕು ಕುಡುದು ಹೇಳ್ರಿ. ಬ್ರಾಹ್ಮಣರ ಹೆಣ್ಣುಮಗಳು ಕುಡುದು ಏನಿಲ್ಲ ಅಂದ್ರ ನಾ ಬಾಯಿ ಮುಚಗೊಂಡು ಹೋಕ್ಕೇನಿ. ಓಣ್ಯಾಗ ಯಾರು ಕೇಳಿದ್ರೂ ಹೇಳ್ತೇನಿ. ಕುಡಿಯಂಗಿಲ್ಲಂದ್ರ, ಬಾಯಾರು ಅಮಾಸಿ ಒಳಗ ಖೋಲಿ ಖಾಲಿ ಮಾಡ್ಲಿ."

ಖೋಲಿ ಹೋದರೆ ಸಲೋಮಿಬಾಯಿಗೆ ಆ ಊರಲ್ಲಿ ಬೇರೆ ಮನೆ ಸಿಕ್ಕುತ್ತಿರಲಿಲ್ಲ. ಅವರ ಮಂದಿಗೆ ಕೂತು ಪ್ರಾರ್ಥನೆ ಮಾಡಲು ಜಾಗವೂ ಇರುತ್ತಿರಲಿಲ್ಲ. ನಾನು ಕುಡಿದರೆ, ಆ ಸುದ್ದಿ ಸಂಜೆಯ ಬಸ್ಸು ಹತ್ತಿ ಧಾರವಾಡ ಮುಟ್ಟುತ್ತಿತ್ತು. ಮೇ ತಿಂಗಳಲ್ಲಿ ನನ್ನನ್ನು ನೋಡಲು ಸೊಲ್ಲಾಪುರದವರು ಬರುವವರಿದ್ದರು. ಇದೇ ಸಲೋಮಿಬಾಯಿ ವರ್ಷವಿಡೀ ಕಾಯುತ್ತಿದ್ದ ಗಳಿಗೆಯೇ ಎಂಬ ಯೋಚನೆಯೂ ಆ ಕ್ಷಣದಲ್ಲಿ ನನಗೆ ಬಂದುಹೋಯಿತು. ಆದರೆ ನೋಡದೆ, ಪರೀಕ್ಷಿಸದೆ ಒಂದು ವಸ್ತುವಿಗೆ ಹೆಸರಿಡುವುದು ನನಗೆ ಸೇರುತ್ತಿರಲಿಲ್ಲ. ಪ್ರೀತಿಗಿಂತ ಹೆಚ್ಚಾಗಿ ಆ ಹಟಕ್ಕೇ ಇರಬೇಕು, ಮೂಲೆಯಲ್ಲಿದ್ದ ಲೋಟ ಎತ್ತಿಕೊಂಡೆ.

ಸಲೋಮಿಬಾಯಿ ಗಡಿಗೆಗೂ ನನಗೂ ನಡುವೆ ಬಂದು ನಿಂತರು.

"ಬ್ಯಾಡ್ರಿ ಅಕ್ಕೋರ. ಕೊಡಂಗಿಲ್ಲ."

"ಯಾಕ್ರಿ?"

"ಇದು ಆತಗ ತಗದಿಟ್ಟದ್ದು. ರುಚಿ ನೋಡಾಕ ಇಟ್ಟದ್ದಲ್ಲ. ನನ್ನ ಖೋಲಿ ಉಳಸಗೊಳ್ಳಾಕ ಇದನ್ನ ಕುಡಸಿದೆನಂದ್ರ, ನಾಳೆ ಯಾವ ಮುಖಾ ಇಟಗೊಂಡು ಅದರ ಮುಂದ ಮೊಣಕಾಲೂರಲಿ?"

"ಕಂಡ್ರೇನು?" ಎಂದರು ಸಾಹುಕಾರರು, ನನಗೆ, ಬೇಸರದಿಂದ. "ಕುಡಿಯಾಕ ಸೈತ ಬಿಡವಲ್ರು. ಇನ್ನೇನು ಸಾಕ್ಷಿ ಬೇಕ್ರಿ? ಬಾಯಾರ, ಅಮಾಸಿ. ಮತ್ತ ನಾಳೆ ಈ ಖೋಲ್ಯಾಗ ಮಂದಿ ಕೂಡಂಗಿಲ್ಲ."

"ನಾಳೆ ನಮ್ಮ ದೊಡ್ಡ ಹಬ್ಬೈತಿ ಗುರಲಿಂಗಪ್ಪಾ."

"ಗೊತ್ತೈತ್ರಿ," ಎಂದು ಅವರು ಕೈ ತೊಳೆಯಲು ಹೋದರು.

ನಾನು ಮೇಲೆ ಹೋಗಿ ಪತ್ರಿಕೆಗಳ ಮುಂದೆ ಕೂತೆ. ಒಂದನ್ನೂ ತಿದ್ದಲಾಗಲಿಲ್ಲ. ಸಾಹುಕಾರರು ಹೇಳಿದ್ದು ತರ್ಕಕ್ಕೆ ಸರಿಯಾಗಿಯೇ ಇತ್ತು. ಬಚ್ಚಿಡುವುದಕ್ಕೆ ಏನೂ ಇಲ್ಲದವರು ಯಾಕೆ ತಡೆಯಬೇಕು? ಹಾಗಲ್ಲದಿದ್ದರೆ ನನ್ನನ್ನು ಋಣದಲ್ಲಿ ಕಟ್ಟಿಹಾಕುವ ಜಾಣತನವೇ ಇದು? ನಾನು ಕುಡಿಯದಂತೆ ನೋಡಿಕೊಂಡು ಮನೆ ಕಳೆದುಕೊಂಡವರ ಮಾತನ್ನು ಇನ್ನು ಮೇಲೆ ನಾನು ಹೇಗೆ ತೆಗೆದುಹಾಕಲಿ?

ಹೊತ್ತು ಇಳಿಯುವಾಗ ಅವರು ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಹಿತ್ತಲಿಗೆ ಹೋಗುವುದು ಕಾಣಿಸಿತು. ನಾನೂ ಹೋದೆ. ನುಗ್ಗೆಗಿಡದ ಹಿಂದೆ, ಗೋಡೆಯ ಬುಡದಲ್ಲಿ, ಯಾರೂ ತುಳಿಯದ ಜಾಗದಲ್ಲಿ ನೆಲ ಕೆದರಿ ಅವರು ಅದನ್ನು ಸ್ವಲ್ಪಸ್ವಲ್ಪವಾಗಿ ಸುರಿದರು. ಕೆಟ್ಟರೂ ಅದನ್ನು ಬಚ್ಚಲಿಗೆ ಚೆಲ್ಲುವಂತಿಲ್ಲವಂತೆ. ನೆಲ ಎಲ್ಲ ಕುಡಿದ ಮೇಲೆ ಮಣ್ಣು ಮುಚ್ಚಿದರು.

"ಖರೆ ಹೇಳ್ರಿ," ಎಂದೆ. "ನನ್ನ ಸಲುವಾಗಿ ತಡದ್ರೋ, ಗಡಿಗಿ ಸಲುವಾಗಿ ತಡದ್ರೋ?"

"ಗಡಿಗಿ ಸಲುವಾಗಿ." ಒಂದಿಷ್ಟೂ ತಡೆಯದೆ ಹೇಳಿದರು. "ನಿಮ್ಮ ನೆಪ್ಪು ಆಮ್ಯಾಗ ಬಂತ್ರಿ."

ನನ್ನ ಸಲುವಾಗಿ ಎಂದು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

"ಈಗ ಎಲ್ಲಿ ಹೋಗ್ತೀರಿ?"

"ಗದಗಿನ್ಯಾಗ ತಮ್ಮನ ಮನಿ ಐತಿ. ಇಲ್ಲಿ ಎರಡು ವರ್ಷ ಇರು ಅಂತ ಮಿಷನ್ನಿನವ್ರು ನನ್ನ ಕಳಿಸಿದ್ರು. ಆಗ ನನಗ ನಿಮ್ಮಷ್ಟ ವಯಸ್ಸು. ಕಳಿಸಿದ ಡಾಕ್ಟರಮ್ಮ ತಮ್ಮ ದೇಶಕ್ಕ ಹೋದ್ರು, ತಿರುಗಿ ಬಾ ಅಂತ ಯಾರೂ ಕರೀಲಿಲ್ಲ. ಆತನ ಕೆಲಸ ಬಿಟ್ಟು ಹೆಂಗ ಹೋಗ್ಲಿ ಅಂತ ನಾನೂ ಹೋಗಲಿಲ್ಲ."

"ಇರು ಅಂತ ದೇವರು ಹೇಳಿದನೇನು?"

ಇದನ್ನು ನಾನು ಚುಚ್ಚುವುದಕ್ಕೆಂದೇ ಕೇಳಿದ್ದು. ಅವರು ಸೆರಗಿನಿಂದ ಕೈಯ ಮಣ್ಣು ಒರೆಸಿಕೊಂಡರು.

"ಆತ ಮಾತಾಡಿದ್ದು ನಾ ಒಮ್ಮಿನೂ ಕೇಳಿಲ್ರಿ ಅಕ್ಕೋರ. ನಾ ಆಡಿದ್ದು ಆತ ಕೇಳ್ಯಾನ ಅಂತ ನಡಕೊಂಡು ಬಂದೇನಿ. ಈಗ ಅದನ್ನ ಬಿಡಂದ್ರ ಬಿಡಾಕ ಬರಂಗಿಲ್ಲ." ಆಮೇಲೆ, ಬೇರೆ ದನಿಯಲ್ಲಿ, "ನಾಳಿಂದು ಒಂದ ಚಿಂತಿ. ಮಂದಿ ದೂರದಿಂದ ಬರ್ತಾರ. ಬಸ್ ಸ್ಟ್ಯಾಂಡಿನ್ಯಾಗ ನಿಂತು ಹಾಡಾಕ ಆಗ್ತೈತ್ಯೇ?"

ಮುಂದೆ ಅಮಾವಾಸ್ಯೆ ಬಂದು ಹೋಯಿತು, ಗಡುವಿನ ಮಾತನ್ನು ಸಾಹುಕಾರರು ಮತ್ತೆ ಎತ್ತಲಿಲ್ಲ. ಸಲೋಮಿಬಾಯಿ ಅದೇ ಖೋಲಿಯಲ್ಲಿ ಉಳಿದರು. ಅಂಜಿಕೆ ಇಳಿದಿತ್ತೋ, ನೀಲವ್ವ ಏನಾದರೂ ಹೇಳಿದಳೋ ನನಗೆ ಗೊತ್ತಿಲ್ಲ. ಆದರೆ ಆ ಶನಿವಾರ ಸಂಜೆ ಇದು ಯಾರಿಗೂ ತಿಳಿದಿರಲಿಲ್ಲ. ನಾನು ಕಂಡದ್ದು, ಕತ್ತಲಾಗುವ ಮುಂಚೆಯೇ ಸಾಹುಕಾರರ ಆಳು ಸಲೋಮಿಬಾಯಿಯ ಬಾಗಿಲ ಮುಂದೆ ಜೋಳದ ಚೀಲಗಳನ್ನು ಒಟ್ಟಿ, ಒಬ್ಬರು ಮಾತ್ರ ಹೋಗಿಬರುವಷ್ಟು ದಾರಿ ಬಿಟ್ಟದ್ದು.

ಮರುದಿನ ಬೆಳಗಾಗುತ್ತಲೇ ಎದ್ದು ನನ್ನ ಖೋಲಿಯ ಸಾಮಾನು ಹೊರಗೆ ಹಾಕತೊಡಗಿದೆ. ಸ್ಟೋವ್, ಟ್ರಂಕು, ನೀರಿನ ಕೊಡ, ನನ್ನ ದೇವರ ಚಿಕ್ಕ ಪಟ. ಮಂಚ ಒಬ್ಬಳಿಂದ ಬಾಗಿಲು ದಾಟಲಿಲ್ಲ. ಎಳೆದಾಡುವ ಸಪ್ಪಳಕ್ಕೆ ನೀಲವ್ವ ಮೆಟ್ಟಿಲು ಹತ್ತಿ ಬಂದಳು, ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಒಬ್ಬಾಕಿನ ಎತ್ತಿ ನಡಾ ಹಿಡಸಗೊಂಡೀರಿ. ಸರೀರಿ ಅತ್ತಾಗ," ಎಂದು ಇನ್ನೊಂದು ಕಡೆ ಹಿಡಿದಳು. ಮಂಚ ಹೊರಗೆ ಬಂದ ಮೇಲೆ, "ನಾ ಮ್ಯಾಲೆ ಬಂದಿಲ್ಲ, ಮತ್ತ," ಎಂದು ಇಳಿದುಹೋದಳು.

ನೆಲ ಸಾರಿಸಿ ಜಮಖಾನ ಹಾಸಿದೆ. ಮೊದಲ ಬಸ್ಸಿಗೆ ಪಾದ್ರಿಯವರು ಬಂದರು. ಅವರ ಕೈಚೀಲದಲ್ಲಿ ಏನಿತ್ತೋ ನಾನು ಕೇಳಲಿಲ್ಲ. ಕಂಪೌಂಡರನ ಮನೆಯವರು, ಬಾಗೇವಾಡಿಯವರು, ಎಲ್ಲರೂ ಅಂಗಳದಲ್ಲಿ ಚೀಲಗಳನ್ನು ನೋಡುತ್ತ ನಿಂತಿದ್ದರು. ಮೇಲೆ ಬರ್ರಿ ಎಂದು ಕರೆದೆ. ಸಲೋಮಿಬಾಯಿ ಕೊನೆಗೆ, ಗೋಡೆ ಹಿಡಿದುಕೊಂಡು ಹತ್ತಿದರು. ಹೊಸ್ತಿಲಲ್ಲಿ ನಿಂತು ನನ್ನನ್ನು ನೋಡಿದರು. ನಾನು ಬೇರೆ ಕಡೆ ನೋಡಿದೆ.

ಅವರ ಹಾಡು ಶುರುವಾದ ಮೇಲೆ ಸಾಹುಕಾರರು ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಅಂಗಳಕ್ಕೆ ಬಂದರು. ಮೆಟ್ಟಿಲ ತುದಿಯಲ್ಲಿ ಗೋಡೆಗೆ ಒರಗಿಸಿದ್ದ ಮಂಚವನ್ನೂ, ಬಾಗಿಲ ಹೊರಗಿನ ಚಪ್ಪಲಿಗಳನ್ನೂ ನೋಡಿದರು.

"ಏನ್ರಿ ಅಕ್ಕೋರ ಇದು?"

"ನನ್ನ ಖೋಲಿಗೆ ಮಂದಿ ಬಂದಾರ್ರಿ."

"ನಿಮ್ಮನ್ನೂ ಅಮಾಸಿಗೆ ಖಾಲಿ ಮಾಡಸಬೇಕಾಗ್ತೈತಿ."

"ಮಾಡಸ್ರಿ. ಅಮಾಸಿ ತನಕಾ ಖೋಲಿ ನಂದದ."

ಅವರು ಒಳಗೆ ಹೋದರು. ನಾನು ಪತ್ರಿಕೆಗಳ ಕಟ್ಟು ಹಿಡಿದು ಮೇಲಿನ ಮೆಟ್ಟಿಲ ಮೇಲೆ, ನನ್ನದೇ ಬಾಗಿಲಿಗೆ ಬೆನ್ನು ಮಾಡಿ ಕೂತೆ. ಒಳಗೆ ಹಾಡು ನಿಂತು ಪ್ರಾರ್ಥನೆ ಶುರುವಾಯಿತು, ಸಲೋಮಿಬಾಯಿಯದೇ ದನಿ. ನನ್ನ ಹೆಸರು ಎತ್ತಿದರೆ ಎದ್ದು ಒಳಗೆ ಹೋಗಿ ನನಗಾಗಿ ಪ್ರಾರ್ಥನೆ ಬೇಡ ಎನ್ನಬೇಕೆಂದು, ಕೆಂಪು ಶಾಯಿಯ ಪೆನ್ನು ಬಿಚ್ಚದೆ, ಅವರು ಮುಗಿಸುವ ತನಕ ಕಿವಿಗೊಟ್ಟು ಕೂತಿದ್ದೆ.